ರಾಮಲಕ್ಷ್ಮಮ್ಮನ ಅರ್ಧ, ಭಾನುಪ್ರಿಯಾಳ ಹತ್ತು

ಭಾನುಪ್ರಿಯಾಳ ಹೊಟ್ಟೆಕಿಚ್ಚು ನಿನ್ನೆ ಮೊನ್ನೆಯದಲ್ಲ. ಯಲಹಂಕದ ಕಾನ್ವೆಂಟಿನಲ್ಲಿ ಓದುವಾಗ ಪಕ್ಕದ ಬೆಂಚಿನವಳ ಕೈಬರಹ ತನ್ನದಕ್ಕಿಂತ ದುಂಡಗಿದೆ ಎಂದು ಇಡೀ ಪರೀಕ್ಷೆಯನ್ನು ಮುನಿಸಿಕೊಂಡೇ ಬರೆದವಳು ಅವಳು. ಅವಳ ಮದುವೆಯ ದಿನ ಅದೇ ಛತ್ರದಲ್ಲಿ ಗಂಡನ ಚಿಕ್ಕಪ್ಪನ ಮಗನದೂ ಮದುವೆಯಿತ್ತು. ಅವನ ಮದುಮಗಳ ಜಡೆಬಿಲ್ಲೆ ಕಣ್ಣಿಗೆ ಬಿದ್ದಿದ್ದೇ ಬಿದ್ದಿದ್ದು, ಭಾನುವಿನ ಫೋಟೋಗಳಲ್ಲೆಲ್ಲ ಮುಖ ಒಂದು ಕಡೆಗೆ ವಾಲಿಕೊಂಡಿದೆ. ರಮೇಶ್‌ಬಾಬು ಆ ಆಲ್ಬಮ್ ತೆಗೆದಾಗಲೆಲ್ಲ ನಗಾಡುತ್ತಾನೆ. "ನೋಡು, ತಾಳಿ ಕಟ್ತಿರೋನು ನಾನು. ನಿನ್ನ ಕಣ್ಣು ಮಾತ್ರ ಆ ಹುಡುಗಿ ಬಂಗಾರದ ಮೇಲೆ."

"ಅದು ಬಂಗಾರ ಅಲ್ಲ ಕಣ್ರೀ, ಒಂದು ಗ್ರಾಂ ಲೇಪ," ಎನ್ನುತ್ತಾಳೆ ಭಾನು. ಇಷ್ಟು ವರ್ಷವಾದರೂ ಅದನ್ನು ಹೇಳದೆ ಬಿಟ್ಟವಳಲ್ಲ.

ಮದುವೆಯಾಗಿ ಅವಳು ಬಂದದ್ದು ಶಿಡ್ಲಘಟ್ಟಕ್ಕೆ. ಮಾವ ರಾಮಾಂಜಿನಪ್ಪನವರಿಗೆ ಊರಾಚೆ ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ. ಗಂಡನಿಗೆ ಮನೆಯ ಹಿತ್ತಲಿನಲ್ಲೇ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ. ಬೇಯುವ ಗೂಡಿನ ವಾಸನೆ ಬಟ್ಟೆಗೆ, ದಿಂಬಿಗೆ, ಬೆಳಗಿನ ಕಾಫಿಗೂ ಅಂಟಿಕೊಳ್ಳುತ್ತಿತ್ತು. ಮೊದಲ ವರ್ಷ ಮೂಗು ಮುಚ್ಚಿಕೊಂಡೇ ಓಡಾಡಿದಳು. ಆಮೇಲೆ ಆ ವಾಸನೆ ಇಲ್ಲದ ಕಡೆ ನಿದ್ದೆ ಬಾರದ ಹಾಗಾಯಿತು.

ಆ ಮನೆಯಲ್ಲಿ ಬೆಳಗಾದರೆ ಕೇಳುವ ಮಾತೊಂದಿತ್ತು: ರೆಂಡಿಟ್ಟ. ಒಂದು ಕಿಲೋ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕೋ ಅದೇ ಆ ಗೂಡಿನ ರೆಂಡಿಟ್ಟ. ಕಡಿಮೆ ಇದ್ದಷ್ಟೂ ಒಳ್ಳೆಯ ಗೂಡು. ರಾಮಾಂಜಿನಪ್ಪನವರು ಮಾರ್ಕೆಟ್ಟಿನಲ್ಲಿ ಜಾಲರಿಗೆ ಕೈ ಹಾಕಿ, ಒಂದು ಹಿಡಿ ಗೂಡು ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಇಡೀ ಲಾಟಿನ ಯೋಗ್ಯತೆ ಹೇಳಿಬಿಡುತ್ತಿದ್ದರು. ಅವರು ಹೇಳಿದ್ದು ತಪ್ಪಿದ್ದು ಕಡಿಮೆ. ಗೂಡನ್ನು ಬಿಡಿಸಿದ ತಕ್ಷಣ, ಬೆಳಗ್ಗೆಯೇ, ತಾಜಾ ಇರುವಾಗಲೇ ತೋರಿಸಬೇಕು. ಒಂದು ದಿನ ತಡವಾದರೆ ತೂಕ ಇಳಿಯುತ್ತದೆ. ಇದೂ ಆ ಮನೆಯ ಕಾನೂನು. ಮದುಮಗಳಾಗಿದ್ದಾಗ ತಲೆಗೆ ಹತ್ತದ ಈ ಮಾತುಗಳು ಕ್ರಮೇಣ ಭಾನುವಿನ ನಾಲಿಗೆಗೂ ಹತ್ತಿದವು. ಮಾವಿನಹಣ್ಣು ಕೊಂಡರೂ, "ಇದರ ರೆಂಡಿಟ್ಟ ಸರಿಯಿಲ್ಲ, ಬರೀ ಓಟೆ," ಎನ್ನುವಷ್ಟು.

ಮಗಳು ಧನುಶ್ರೀ ಯುಕೆಜಿಗೆ ಸೇರಿದ ವರ್ಷ ಭಾನುವಿನ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಪರೀಕ್ಷೆಗಳಾದವು, ಆಪರೇಷನ್ ಆಯಿತು, ಗಾಯ ಮಾಯುವಷ್ಟರಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಕೀಮೋ ಶುರುವಾಯಿತು. ತಲೆಗೂದಲು ಹೋದಾಗ ಅವಳು ಅಷ್ಟೊಂದು ಅಳಲಿಲ್ಲ. ಅತ್ತದ್ದು ಬೇರೆಯದಕ್ಕೆ. ಆಪರೇಷನ್ ಆದ ಕಡೆಯ ಕೈ ಮೇಲೆತ್ತಲು ಆಗುತ್ತಿರಲಿಲ್ಲ, ಹಾಗಾಗಿ ಧನುವಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕುವ ಕೆಲಸ ಅತ್ತೆ ಓಬಳಮ್ಮನವರ ಪಾಲಾಯಿತು. ಅತ್ತೆ ಬಿಗಿಯಾಗಿ ಹೆಣೆಯುತ್ತಿದ್ದರು. ಸಂಜೆ ಮನೆಗೆ ಬಂದರೂ ಒಂದೆಳೆ ಜಾರಿರುತ್ತಿರಲಿಲ್ಲ. "ಅಜ್ಜಿ ಹಾಕೋ ಜಡೇನೇ ಚೆನ್ನಾಗಿರುತ್ತೆ ಮಮ್ಮಿ, ನೀನು ಹಾಕಿದ್ದು ಪಿ.ಟಿ. ಪೀರಿಯಡ್ಡಲ್ಲೇ ಬಿಚ್ಚೋಗ್ತಿತ್ತು," ಎಂದಿತು ಮಗು, ಯಾವ ಕೆಟ್ಟ ಬುದ್ಧಿಯೂ ಇಲ್ಲದೆ. ಭಾನು ಬಚ್ಚಲುಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು.

ಶಾಲೆಯ ಗೇಟಿನ ಹತ್ತಿರ ನಿಂತ ತಾಯಂದಿರನ್ನು ಕಂಡರೂ ಅಷ್ಟೇ. ಅವರೆಲ್ಲ ಮಕ್ಕಳಿಗೆ ಬೈಯುತ್ತ, ಬ್ಯಾಗ್ ಎಳೆಯುತ್ತ, ಸ್ಕೂಟಿ ಹತ್ತಿಸುತ್ತ, ತಾವು ಇನ್ನೂ ನೂರು ವರ್ಷ ಇರುತ್ತೇವೆ ಎನ್ನುವ ಉದಾಸೀನದಲ್ಲಿ ಇರುತ್ತಿದ್ದರು. ಆ ಉದಾಸೀನ ಕಂಡರೆ ಭಾನುವಿಗೆ ಆಗುತ್ತಿರಲಿಲ್ಲ. ಧನು ಹೈಸ್ಕೂಲಿಗೆ ಹೋಗುವುದನ್ನು ನಾನು ನೋಡುತ್ತೇನಾ? ಯಾರನ್ನೂ ಕೇಳಲಾಗದ ಈ ಪ್ರಶ್ನೆಯನ್ನು ಅವಳು ಫೋನನ್ನು ಕೇಳಿದಳು. ಫೋನು ಏನೇನೋ ಹೇಳಿತು. ಅದರಲ್ಲಿ ಒಂದು ಮಾತು ಮನಸ್ಸಿಗೆ ಕಚ್ಚಿಕೊಂಡಿತು.

ರಕ್ತದ ಸಾಧಾರಣ ಪರೀಕ್ಷೆಯಲ್ಲೇ ಎರಡು ಬಗೆಯ ಬಿಳಿ ಕಣಗಳ ಲೆಕ್ಕ ಇರುತ್ತದಂತೆ: ನ್ಯೂಟ್ರೋಫಿಲ್, ಲಿಂಫೋಸೈಟ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮೈಯೊಳಗೆ ಎಷ್ಟು ಉರಿಯೂತ ಇದೆ ಎಂಬುದರ ಸುಳಿವು ಸಿಗುತ್ತದಂತೆ. ಸ್ತನ ಕ್ಯಾನ್ಸರಿನ ಹೆಂಗಸರಲ್ಲಿ ಈ ರೇಷಿಯೋ ಜಾಸ್ತಿ ಇದ್ದವರಿಗೆ ಮುಂದಿನ ದಿನ ಕಷ್ಟ, ಕಡಿಮೆ ಇದ್ದವರಿಗೆ ವಾಸಿ ಎಂದು ಸಂಶೋಧನೆಗಳು ಹೇಳುತ್ತವಂತೆ.

ಭಾನು ಎದ್ದು ಕೂತಳು. ಇದು ರೆಂಡಿಟ್ಟ ಅಲ್ಲದೆ ಮತ್ತೇನು? ಅದಕ್ಕಿಷ್ಟು, ಇದಕ್ಕಿಷ್ಟು, ಕಡಿಮೆ ಇದ್ದರೆ ಒಳ್ಳೆಯ ಲಾಟು. ಒಂದು ಹಿಡಿ ತೆಗೆದು ನೋಡಿದರೆ ಇಡೀ ಬಾಳು ಗೊತ್ತಾಗಿಬಿಡುತ್ತದೆ.

ಅವತ್ತಿನಿಂದ ರಿಪೋರ್ಟು ಕೈಗೆ ಬಂದರೆ ಆ ಎರಡು ಸಾಲು ಬಿಟ್ಟು ಉಳಿದದ್ದನ್ನು ಅವಳು ನೋಡುತ್ತಿರಲಿಲ್ಲ.

ರಾಮಲಕ್ಷ್ಮಮ್ಮ ಸಿಕ್ಕಿದ್ದು ಕೀಮೋ ವಾರ್ಡಿನಲ್ಲಿ, ಪಕ್ಕದ ಕುರ್ಚಿಯಲ್ಲಿ. ಗೌರಿಬಿದನೂರು ಕಡೆ, ವಿದುರಾಶ್ವತ್ಥದ ಹತ್ತಿರದ ಒಂದು ಹಳ್ಳಿಯವರು. ಅರವತ್ತರ ಆಸುಪಾಸು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇರುವ ನೆಲದಲ್ಲಿ ಮುಸುಕಿನ ಜೋಳ ಹಾಕಿ, ಹಸು ಕಟ್ಟಿಕೊಂಡು ಮಗ ಮುನೇಶನನ್ನು ಐ.ಟಿ.ಐ. ಓದಿಸಿದ್ದರು. ಅವನು ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಲೆಕ್ಕದಲ್ಲಿ ದುಡಿಯುತ್ತಿದ್ದ. ಮೊದಲ ದಿನವೇ ಅವರು ಸೆರಗಿನ ಗಂಟು ಬಿಚ್ಚಿ ಹುರಿಗಡಲೆ ಮುಂದೆ ಹಿಡಿದು, "ತಿನ್ನಮ್ಮ, ಬಾಯಿ ಕಹಿ ಹೋಗುತ್ತೆ. ಈ ಕೆಂಪು ಔಷಧಿ ನೋಡಿದ್ರೆ ನಂಗೆ ಜಾತ್ರೆ ಶರಬತ್ತು ಗ್ಯಾಪಕ ಬರುತ್ತೆ," ಎಂದಿದ್ದರು.

ಭಾನುವಿಗೆ ಅವರು ತುಂಬ ಹಿಡಿಸಿದರು. ಯಾಕೆ ಹಿಡಿಸಿದರೆಂದರೆ, ಅವರ ಗಂಟು ಭಾನುವಿನದಕ್ಕಿಂತ ದೊಡ್ಡದಾಗಿತ್ತು. ವಯಸ್ಸು ಹೆಚ್ಚು, ಸಕ್ಕರೆ ಕಾಯಿಲೆ ಬೇರೆ, ಊರು ದೂರ, ಜೊತೆಗೆ ಬರುವವರಿಲ್ಲ. ತನಗಿಂತ ಕಡಿಮೆ ಇರುವವರನ್ನು ಪ್ರೀತಿಸುವುದು ಭಾನುವಿಗೆ ಯಾವತ್ತೂ ಸುಲಭ. ಅವರ ಮಾತ್ರೆ ಚೀಟಿ ಓದಿ ಹೇಳಿದಳು. ಮುನೇಶ ಕೊಟ್ಟ ಗಾಜು ಬಿರುಕುಬಿಟ್ಟ ಫೋನಿನಲ್ಲಿ ವಾಟ್ಸಪ್ ಹಾಕಿ, ಮಾತು ಕಳಿಸುವುದು ಹೇಗೆಂದು ಕಲಿಸಿಕೊಟ್ಟಳು.

"ನೀನಿಲ್ಲದಿದ್ರೆ ನಾನು ಕುರುಡಿ ಕಣಮ್ಮ ಭಾನೂ," ಎಂದರು ರಾಮಲಕ್ಷ್ಮಮ್ಮ.

ಒಂದು ದಿನ ಸುಮ್ಮನೆ ಕುತೂಹಲಕ್ಕೆ ಅವರ ರಿಪೋರ್ಟನ್ನೂ ಭಾಗಿಸಿ ನೋಡಿದಳು. ಒಂದೂವರೆ. ತನ್ನದು ಆವತ್ತು ನಾಲ್ಕು.

ಕುರ್ಚಿ ಅದೇ, ಹುರಿಗಡಲೆ ಅದೇ, ಹೆಂಗಸೂ ಅದೇ. ಭಾನುವಿಗೆ ಮಾತ್ರ ಅವರ ನಗು ಅವತ್ತಿನಿಂದ ಬೇರೆ ಥರ ಕೇಳಿಸತೊಡಗಿತು. ಯಾಕೆ ನಗುವುದಿಲ್ಲ, ಒಂದೂವರೆ ಇಟ್ಟುಕೊಂಡವರು! ಬದುಕಿ ಮಾಡುವುದೇನು ಇವರು, ಮಗ ದುಡಿಯುತ್ತಾನೆ, ಜವಾಬ್ದಾರಿ ಮುಗಿದಿದೆ. ನನಗೆ ಐದು ವರ್ಷದ ಮಗುವಿದೆ. ಒಂದೂವರೆ ನನಗೆ ಬರಬೇಕಾಗಿತ್ತು. ಹೀಗೆ ಯೋಚಿಸಿದ್ದಕ್ಕೆ ತನಗೇ ನಾಚಿಕೆಯಾಗಿ, ಆ ನಾಚಿಕೆಯನ್ನೂ ರಾಮಲಕ್ಷ್ಮಮ್ಮನ ಲೆಕ್ಕಕ್ಕೇ ಬರೆದಳು.

ಮನೆಯಲ್ಲೂ ಅದೇ ಮಾತು. "ಮಾವ, ನನ್ನ ರೇಷಿಯೋ ಇಳೀತಾನೇ ಇಲ್ಲ."

ರಾಮಾಂಜಿನಪ್ಪನವರು ಕನ್ನಡಕ ಹಣೆಗೇರಿಸಿ ಕೇಳಿದರು. "ರಕ್ತ ಯಾವಾಗ ಕೊಡ್ತೀಯಮ್ಮ?"

"ಕೀಮೋ ಹಿಂದಿನ ದಿನ ಕೊಡಿ ಅಂತಾರೆ ಸಿಸ್ಟರು."

"ನೆನ್ನೆ ತೆಗೆದಿದ್ದು ಇವತ್ತು ತೋರ್ಸಿದ್ರೆ ಏನು ಬೆಲೆ ಸಿಗುತ್ತೆ? ಬೆಳಗ್ಗೆ ಬೆಳಗ್ಗೆ ತಾಜಾ ಕೊಡಮ್ಮ. ಬಸ್‌ಸ್ಟ್ಯಾಂಡ್ ಹತ್ರ ಲ್ಯಾಬು ಬೇಗ ತೆಗೀತಾರೆ."

ಅತ್ತೆ ಒಳಗಿನಿಂದ, "ಹೂಂ ಮತ್ತೆ, ಹಳಸಿದ್ದು ಯಾರು ನೋಡ್ತಾರೆ," ಎಂದು ದನಿಗೂಡಿಸಿದರು. ಶಿಡ್ಲಘಟ್ಟದ ಯಾವ ರೇಷ್ಮೆ ಮನೆಯಲ್ಲಿ ಕೇಳಿದ್ದರೂ ಇದೇ ಉತ್ತರ ಬರುತ್ತಿತ್ತು. ಭಾನುವಿಗೂ ಅದು ನೂರಕ್ಕೆ ನೂರು ಸರಿ ಎನಿಸಿತು.

ಅಷ್ಟು ಹೊತ್ತಿಗೆ ಅವಳ ಔಷಧಿ ಬದಲಾಗಿತ್ತು. ಮೂರು ವಾರಕ್ಕೊಮ್ಮೆ ಬರುತ್ತಿದ್ದ ಕೆಂಪು ಔಷಧಿ ಮುಗಿದು, ಪ್ರತಿ ಗುರುವಾರ ಬೇರೆಯದು ಶುರುವಾಗಿತ್ತು. ಅದು ಮೈಗೆ ಒಗ್ಗದೆ ಹೋದೀತೆಂದು ಹಿಂದಿನ ರಾತ್ರಿ ಮತ್ತು ಅವತ್ತಿನ ಬೆಳಗಿನ ಜಾವ ನುಂಗಲು ಸಣ್ಣ ಸಣ್ಣ ಬಿಳಿ ಮಾತ್ರೆ ಕೊಟ್ಟಿದ್ದರು. ಮಾತ್ರೆ ನುಂಗಿ, ಲ್ಯಾಬಿನಲ್ಲಿ ತಾಜಾ ರಕ್ತ ಕೊಟ್ಟು, ರಿಪೋರ್ಟು ಹಿಡಿದು ಚಿಕ್ಕಬಳ್ಳಾಪುರಕ್ಕೆ ಹೊರಡುವುದು ರೂಢಿಯಾಯಿತು. ರೇಷಿಯೋ ಆರಾಯಿತು, ಏಳಾಯಿತು. ಆಸ್ಪತ್ರೆಯಲ್ಲಿ ಕಣಗಳು ಕಡಿಮೆ ಇದ್ದರೆ ಮಾತ್ರ ಕೀಮೋ ತಡೆಯುತ್ತಿದ್ದರು. ಜಾಸ್ತಿ ಇದ್ದುದಕ್ಕೆ ಯಾರೂ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೇ ಇರುವುದೇ ಭಾನುವಿಗೆ ಕೆಟ್ಟ ಸೂಚನೆಯಾಗಿ ಕಂಡಿತು. ಕೇಳಲು ಹೆದರಿಕೆ. ಡಾಕ್ಟರು "ಹೌದು" ಎಂದುಬಿಟ್ಟರೆ?

ರಾಮಲಕ್ಷ್ಮಮ್ಮ ತಡವಾಗಿ ಸೇರಿದವರು, ಅವರಿಗಿನ್ನೂ ಕೆಂಪು ಔಷಧಿಯೇ ನಡೆಯುತ್ತಿತ್ತು. ಮೂರು ವಾರಕ್ಕೊಮ್ಮೆ ಬಂದಾಗ ಪಕ್ಕದಲ್ಲೇ ಕೂರುತ್ತಿದ್ದರು. "ಯಾಕಮ್ಮ ಮುಖ ಇಷ್ಟುದ್ದ ಮಾಡ್ಕೊಂಡಿದ್ದೀಯಾ? ಗಂಡ ಬೈದ್ನಾ?"

"ಇಲ್ಲ."

"ಬೈಯೋ ಗಂಡನಲ್ಲ ಬಿಡು ಅವನು," ಎಂದು ಬಾಗಿಲ ಕಡೆ ನೋಡಿದರು. ಬಾಗಿಲಾಚೆ ರಮೇಶ್‌ಬಾಬು ಎಳನೀರು ಹಿಡಿದುಕೊಂಡು ನಿಂತಿದ್ದ. ಹೊಸ ಔಷಧಿಯಿಂದ ಭಾನುವಿನ ಕಾಲ್ಬೆರಳು ಜೋಮು ಹಿಡಿದಿದ್ದವು. ಅವಳು ಹೊರಗೆ ಬಂದಾಗ ಅವನೇ ಬಗ್ಗಿ ಚಪ್ಪಲಿ ತಿರುಗಿಸಿ ಇಟ್ಟು, ಪಾದ ಸೇರಿತೇ ಎಂದು ನೋಡುತ್ತಿದ್ದ. ಅದು ಭಾನುವಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಅವಳು ಆ ಕಡೆ ನೋಡುತ್ತಲೂ ಇರಲಿಲ್ಲ.

ಆ ಬುಧವಾರ ಬೆಳಗ್ಗೆ ರಾಮಲಕ್ಷ್ಮಮ್ಮನ ಫೋನಿನಿಂದ ಒಂದು ರಿಪೋರ್ಟು ಬಂತು, ಹಿಂದೆಯೇ ಅವರ ದನಿ. "ಭಾನೂ, ನಾನು ಕಣಮ್ಮ. ಸುಸ್ತು ಅಂತ ಸಿಸ್ಟರಮ್ಮಂಗೆ ಫೋನ್ ಮಾಡಿದ್ದೆ. ಗೌರಿಬಿದನೂರಲ್ಲೇ ರಕ್ತ ಕೊಟ್ಟು ರಿಪೋರ್ಟು ಅವ್ರಿಗೆ ಕಳ್ಸು ಅಂದ್ರು. ಮುನೇಶ ಶಿಫ್ಟಿಗೆ ಹೋಗವ್ನೆ. ಅವ್ರ ನಂಬರಿಗೆ ಹೆಂಗೆ ಹಾಕೋದೋ ತಿಳೀವಲ್ದು. ನೀನು ನೋಡಿ ಹೇಳು, ಅಂಗೇ ಅವ್ರಿಗೂ ಕಳ್ಸಿಬಿಡು ತಾಯಿ."

ಭಾನು ಆ ಎರಡು ಸಾಲು ಹುಡುಕಿದಳು. ನ್ಯೂಟ್ರೋಫಿಲ್ ಮೂವತ್ತು. ಲಿಂಫೋಸೈಟ್ ಅರವತ್ತು. ಭಾಗಿಸಿದರೆ ಅರ್ಧ.

ಅರ್ಧ! ಒಂದೂ ಅಲ್ಲ, ಅರ್ಧ! ಇಂಥ ರೆಂಡಿಟ್ಟ ಯಾವ ಲಾಟಿಗಾದರೂ ಉಂಟೇ? ಹಜಾರದಲ್ಲಿ ಅತ್ತೆ ಧನುವಿನ ಜಡೆ ಹೆಣೆಯುತ್ತ ಏನೋ ಕತೆ ಹೇಳುತ್ತಿದ್ದರು, ಮಗು ಕಿಲಕಿಲ ನಗುತ್ತಿತ್ತು. ಎಲ್ಲರಿಗೂ ಎಲ್ಲವೂ ಸಿಗುತ್ತಿದೆ. ರಿಪೋರ್ಟಿನ ಮೇಲ್ಗಡೆ ಒಂದು ಸಾಲಿನ ಪಕ್ಕ ದಪ್ಪ ಅಕ್ಷರದ ಗುರುತಿತ್ತು. ಅವಳ ಕಣ್ಣು ಅದರ ಮೇಲೆ ಹಾದು ಹೋಯಿತು, ನಿಲ್ಲಲಿಲ್ಲ.

"ತುಂಬಾ ಚೆನ್ನಾಗಿದೆ ನಿಮ್ದು," ಎಂದು ಫೋನಿಗೆ ಹೇಳಿ ಕಳಿಸಿದಳು. ದನಿ ತನಗೇ ಕಟುವಾಗಿ ಕೇಳಿಸಿತು. ಸಿಸ್ಟರಿಗೆ ಕಳಿಸಲಿಲ್ಲ. ಇಷ್ಟು ಚೆನ್ನಾಗಿರುವುದನ್ನು ಊರಿಗೆಲ್ಲ ಹಂಚಲು ನಾನೇನು ಇವರ ಗುಮಾಸ್ತೆಯೇ? ಆಮೇಲೆ ಕಳಿಸಿದರಾಯಿತು.

ಮಧ್ಯಾಹ್ನ ಇನ್ನೊಂದು ಮಾತು ಬಂತು. "ಯಾಕೋ ಮೈ ಬೆಚ್ಚಗಾಗೈತೆ ಕಣಮ್ಮ, ಚಳೀನೂ ಐತೆ. ನೀನು ಚೆನ್ನಾಗೈತೆ ಅಂದ್ಯಲ್ಲ, ಅದ್ಕೇ ಸುಮ್ನಾದೆ. ಏಮೀ ಕಾದು, ಏನೂ ಆಗಕಿಲ್ಲ, ಒಂದು ಡೋಲೋ ನುಂಗಿ ಮಲಗ್ತೀನಿ."

ಭಾನು ಕೇಳಿದಳು. ಕೈ ಮುಗಿದಿರುವ ಬೊಂಬೆಯೊಂದನ್ನು ಕಳಿಸಿ ಫೋನು ಮಗುಚಿಟ್ಟಳು.

ಗುರುವಾರ ಬೆಳಗ್ಗೆ ಅವಳ ತಾಜಾ ರಕ್ತದ ರಿಪೋರ್ಟು ಬಂತು. ತೊಂಬತ್ತು, ಒಂಬತ್ತು. ಹತ್ತು.

ಚಿಕ್ಕಬಳ್ಳಾಪುರದ ದಾರಿಯುದ್ದಕ್ಕೂ ಅವಳು ಬೈಕಿನ ಹಿಂದೆ ಗಂಡನ ಬೆನ್ನಿಗೆ ಮುಖ ಒತ್ತಿಕೊಂಡು ಕೂತಿದ್ದಳು. ರಮೇಶ್‌ಬಾಬು ಎರಡು ಸಲ, "ಕಾಫಿ ಕುಡಿಯಣವಾ?" ಎಂದ. ಹತ್ತು ಮತ್ತು ಅರ್ಧ, ಹತ್ತು ಮತ್ತು ಅರ್ಧ ಎಂದು ಅವಳ ತಲೆಯಲ್ಲಿ ಚರಕ ಸುತ್ತಿದ ಹಾಗೆ ಸುತ್ತುತ್ತಿತ್ತು. ಹೆದರಿಕೆಯನ್ನು ಹೊಟ್ಟೆಕಿಚ್ಚು ಮೀರಿತು. ಇವತ್ತು ಕೇಳಿಯೇ ಬಿಡಬೇಕು. ಒಂದೇ ಆಸ್ಪತ್ರೆ, ಒಂದೇ ಡಾಕ್ಟರು. ಅವರಿಗೊಂದು ನನಗೊಂದು ಯಾಕೆ?

ಡಾಕ್ಟರಮ್ಮ ವಯಸ್ಸಿನಲ್ಲಿ ಭಾನುವಿಗಿಂತ ಸ್ವಲ್ಪ ದೊಡ್ಡವರು, ಯಾವಾಗಲೂ ಅವಸರದಲ್ಲಿ ಇರುವವರು. ಭಾನು ಕುರ್ಚಿಯಲ್ಲಿ ಕೂರುವುದಕ್ಕೂ ಮುಂಚೆ ಶುರುಮಾಡಿದಳು.

"ಮೇಡಂ, ನನ್ನ ರೇಷಿಯೋ ಹತ್ತಾಗಿದೆ. ನೀವ್ಯಾರೂ ಏನೂ ಹೇಳ್ತಿಲ್ಲ. ರಾಮಲಕ್ಷ್ಮಮ್ಮಂಗೆ ನೋಡಿ, ಅರ್ಧ ಇದೆ. ಬರೀ ಅರ್ಧ! ಅವರಿಗೆ ಕೊಡೋ ಔಷಧಿ ನನಗ್ಯಾಕೆ ನಿಲ್ಲಿಸಿದ್ರಿ?" ಎಂದು ಫೋನನ್ನು ಅವರ ಮುಖದ ಮುಂದೆ ಹಿಡಿದಳು.

ಡಾಕ್ಟರಮ್ಮ ಬೇಸರದಿಂದಲೇ ನೋಡಿದರು. ಆಮೇಲೆ ಫೋನನ್ನು ಅವಳ ಕೈಯಿಂದ ತೆಗೆದುಕೊಂಡು, ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ಅವಸರವೆಲ್ಲ ಮುಖದಿಂದ ಇಳಿದುಹೋಯಿತು.

"ಇದು ಯಾವತ್ತಿಂದು?"

"ನಿನ್ನೆ ಬೆಳಗ್ಗೆದು ಮೇಡಂ."

"ಯಾರಿಗೆ ಕಳಿಸಿದ್ರು? ಜ್ವರ ಏನಾದ್ರೂ ಇದೆಯಂತಾ?"

"ಮೈ ಬೆಚ್ಚಗಿದೆ, ಚಳಿ ಅಂದ್ರು. ಮಾತ್ರೆ ತಗೊಂಡು ಮಲಗ್ತೀನಿ ಅಂದ್ರು."

"ಶೋಭಾರಾಣಿ!" ಎಂದು ಡಾಕ್ಟರಮ್ಮ ಸಿಸ್ಟರನ್ನು ಕೂಗಿದರು. "ವಿದುರಾಶ್ವತ್ಥದ ರಾಮಲಕ್ಷ್ಮಮ್ಮಂಗೆ ಫೋನ್ ಹಚ್ಚಿ. ಮಗನ ನಂಬರೂ ತೆಗೀರಿ. ಈಗಲೇ ಹೊರಡ್ಲಿ. ಒಂದು ಬೆಡ್ ಬೇರೆ ರೂಮಲ್ಲಿ ಖಾಲಿ ಇಡಿ." ಆಮೇಲೆ ಭಾನುವಿನ ಕಡೆ ತಿರುಗಿ, ಫೋನಿನ ಆ ದಪ್ಪ ಅಕ್ಷರದ ಸಾಲಿನ ಮೇಲೆ ಉಗುರಿಟ್ಟರು. "ಇದನ್ನ ನೋಡ್ಲಿಲ್ವೇನ್ರೀ? ಒಟ್ಟು ಬಿಳಿ ಕಣಗಳೇ ಪಾತಾಳಕ್ಕೆ ಹೋಗಿವೆ. ಅದರಲ್ಲಿ ಸೋಂಕಿನ ಜೊತೆ ಹೋರಾಡೋ ನ್ಯೂಟ್ರೋಫಿಲ್ಲೇ ಇಲ್ಲ. ಅದಕ್ಕೇ ನಿಮ್ಮ ಅರ್ಧ. ಇದು ಚೆನ್ನಾಗಿರೋದಲ್ಲ, ಕಾವಲುಗಾರನಿಲ್ಲದ ಮನೆ ಇದು. ಈ ಟೈಮಲ್ಲಿ ಜ್ವರ ಬಂದ್ರೆ ಒಂದೊಂದು ಗಂಟೇನೂ ಲೆಕ್ಕ."

ರಾಮಲಕ್ಷ್ಮಮ್ಮ ಫೋನೆತ್ತಲಿಲ್ಲ. ಸಿಸ್ಟರು ಮತ್ತೆ ಹಚ್ಚಿದರು. ಎತ್ತಲಿಲ್ಲ. ಮುನೇಶ ಯಂತ್ರದ ಸದ್ದಿನ ನಡುವೆ ಎತ್ತಿದ. "ಅಮ್ಮ ಬೆಳಗ್ಗೆ ಏಳಲಿಲ್ಲ ಸಿಸ್ಟರ್, ನಿದ್ದೆ ಮಾಡ್ಲಿ ಅಂತ ಬಿಟ್ಟು ಬಂದೆ. ಭಾನಕ್ಕ ರಿಪೋರ್ಟು ಚೆನ್ನಾಗಿದೆ ಅಂದಿದ್ರಲ್ಲ..." ಮಾತು ಸ್ಪೀಕರಿನಲ್ಲಿತ್ತು.

ಮುನೇಶ ತಾಯಿಯನ್ನು ಕರೆತರುವವರೆಗೆ ಭಾನುವಿನ ಕೀಮೋ ಇಳಿಯುತ್ತಲೇ ಇತ್ತು. ಪಕ್ಕದ ಕುರ್ಚಿ ಖಾಲಿ. ಒಂದು ಹನಿ, ಒಂದು ಹನಿ. ಅವಳಿಗೆ ಎದ್ದು ಓಡಬೇಕೆನಿಸಿತು, ಆದರೆ ತೋಳಿಗೆ ಕೊಳವೆ ಚುಚ್ಚಿತ್ತು. ದೇವರನ್ನು ಏನೆಂದು ಕೇಳಿಕೊಳ್ಳುವುದು? ನಿನ್ನೆಯವರೆಗೆ ಕೇಳುತ್ತಿದ್ದದ್ದು ಅವರ ಅರ್ಧ ನನಗೆ ಕೊಡು ಎಂದು. ಇವತ್ತು ನನ್ನ ಹತ್ತನ್ನು ಅವರಿಗೆ ಕೊಡು ಎಂದು ಕೇಳಿದಳು. ಹತ್ತು ತುಂಬ ಕೆಟ್ಟದ್ದಾದರೆ ಒಂದೈದಾದರೂ ಕೊಡು ಎಂದು ತಿದ್ದಿದಳು.

ಬಾಗಿಲ ಬಳಿ ಗದ್ದಲವಾಯಿತು. ಯಾರದೋ ಕಾರಿನಲ್ಲಿ ಮುನೇಶ ತಾಯಿಯನ್ನು ತಂದಿದ್ದ. ಗಾಲಿ ಮಂಚದ ಮೇಲೆ ರಾಮಲಕ್ಷ್ಮಮ್ಮ ಕಂಬಳಿ ಹೊದ್ದು ನಡುಗುತ್ತಿದ್ದರು. ಕಣ್ಣು ಅರೆ ತೆರೆದಿತ್ತು. ವಾರ್ಡಿನ ಗಾಜಿನಾಚೆ ಭಾನುವನ್ನು ಕಂಡು ಕೈ ಎತ್ತಲು ನೋಡಿದರು. ಅವರ ಬೋಳು ತಲೆಯ ಮೇಲಿನ ಟವೆಲು ಜಾರಿತ್ತು, ಯಾರೂ ಸರಿಮಾಡಲಿಲ್ಲ.

ಸಂಜೆ ಭಾನು ಹೊರಡುವ ಹೊತ್ತಿಗೆ ಡಾಕ್ಟರಮ್ಮ ಒಂದು ಗಳಿಗೆ ನಿಂತರು. "ಆಂಟಿಬಯೋಟಿಕ್ ಶುರುವಾಗಿದೆ. ತುಂಬಾ ಇಳಿದಿದ್ದ ಬಿ.ಪಿ. ಸ್ವಲ್ಪ ಏರಿದೆ. ಇನ್ನೂ ಏನೂ ಹೇಳಕ್ಕಾಗಲ್ಲ." ಆಮೇಲೆ ಅವಳ ರಿಪೋರ್ಟನ್ನೂ ತೆಗೆದು ನೋಡಿ ಹುಬ್ಬುಗಂಟಿಕ್ಕಿದರು. "ಇವತ್ತು ಬೆಳಗ್ಗೆ ರಕ್ತ ಕೊಟ್ರಾ? ಮಾತ್ರೆ ನುಂಗಿದ ಮೇಲೆ?"

"ತಾಜಾ ಇರ್ಲಿ ಅಂತ..."

"ಅಯ್ಯೋ ರಾಮ. ಆ ಮಾತ್ರೆ ಸ್ಟೀರಾಯ್ಡ್ ಕಣ್ರೀ. ಅದು ನುಂಗಿದ್ರೆ ಯಾರಿಗಾದ್ರೂ ನ್ಯೂಟ್ರೋಫಿಲ್ ಏರುತ್ತೆ, ಲಿಂಫೋಸೈಟ್ ಇಳಿಯುತ್ತೆ. ಅದಕ್ಕೇ ಹಿಂದಿನ ದಿನ ಕೊಡಿ ಅನ್ನೋದು."

"ಹಾಗಾದ್ರೆ ನಾನು... ನನಗೇನೂ ಆಗಲ್ವಾ ಮೇಡಂ?"

"ಹಾಗಂತ ನಾನು ಹೇಳ್ಲಿಲ್ಲ," ಎಂದರು ಡಾಕ್ಟರಮ್ಮ, ದನಿ ತಗ್ಗಿಸಿ. "ನೀವು ಓದಿರೋದು ಸುಳ್ಳಲ್ಲ. ಸಾವಿರಾರು ಹೆಂಗಸರನ್ನ ಒಟ್ಟಿಗೆ ನೋಡಿದಾಗ, ಚಿಕಿತ್ಸೆ ಶುರುವಾಗೋ ಮುಂಚೆ ಆ ರೇಷಿಯೋ ಜಾಸ್ತಿ ಇದ್ದವರಲ್ಲಿ ತೊಂದರೆ ಸ್ವಲ್ಪ ಜಾಸ್ತಿ ಕಾಣುತ್ತೆ. ಆದ್ರೆ ಹಲ್ಲಲ್ಲಿ ಕೀವಾದ್ರೂ ಅದು ಏರುತ್ತೆ. ಒಬ್ಬೊಬ್ಬರ ಹಣೇಲಿ ಏನು ಬರೆದಿದೆ ಅಂತ ಅದು ಹೇಳಲ್ಲ. ಮೊದಲ ದಿನದ ನಿಮ್ಮ ರೇಷಿಯೋ ಎರಡೂವರೆ ಮೂರರ ಹತ್ರ ಇತ್ತು. ಒಳ್ಳೇದೂ ಅಲ್ಲ ಕೆಟ್ಟದ್ದೂ ಅಲ್ಲ. ಗಂಟಿನ ಜಾತಿ ಯಾವುದು, ಎಲ್ಲೀವರೆಗೆ ಹೋಗಿತ್ತು, ಔಷಧಿಗೆ ಹೇಗೆ ಬಗ್ಗುತ್ತೆ, ನಾವು ನೋಡೋದು ಅದನ್ನ. ನಿಮ್ಮದು ಸದ್ಯಕ್ಕೆ ಸರಿಯಾಗೇ ಹೋಗ್ತಿದೆ. ಅದಕ್ಕಿಂತ ಜಾಸ್ತಿ ಕೇಳ್ಬೇಡಿ, ನನಗೂ ಗೊತ್ತಿಲ್ಲ."

ಬೈಕಿನ ಹತ್ತಿರ ರಮೇಶ್‌ಬಾಬು ಎಲ್ಲವನ್ನೂ ಕೇಳಿಸಿಕೊಂಡು ತಲೆ ಕೆರೆದುಕೊಂಡ. "ಅಂದ್ರೆ ಬೇಯಿಸಿದ ಗೂಡನ್ನ ನೀರು ಸಮೇತ ತೂಗಿ ರೆಂಡಿಟ್ಟ ಹಾಕ್ದಂಗಾಯ್ತಲ್ಲೇ. ಅಪ್ಪಂಗೆ ಹೇಳಿದ್ರೆ ಊಟ ಬಿಟ್ಬಿಡ್ತಾರೆ."

ಭಾನುವಿಗೆ ನಗು ಬರಲಿಲ್ಲ. "ರೀ, ಅವರು ಸತ್ತೋದ್ರೆ?" ಎಂದಳು. ಅವನು ಬಗ್ಗಿ ಅವಳ ಕಾಲು ಫುಟ್‌ರೆಸ್ಟಿನ ಮೇಲೆ ಸರಿಯಾಗಿ ಇಟ್ಟ.

ಮುಂದಿನ ಗುರುವಾರದವರೆಗೆ ಭಾನು ದಿನಾ ಬೆಳಗ್ಗೆ, ಸಂಜೆ ಮುನೇಶನಿಗೆ ಫೋನು ಮಾಡಿದಳು. ಮೊದಲು ಜ್ವರ ಇಳಿಯಲಿಲ್ಲ. ಆಮೇಲೆ ಇಳಿಯಿತು, ಮತ್ತೆ ಏರಿತು, ಕೊನೆಗೆ ಇಳಿದೇ ಹೋಯಿತು. ಕಣ ಹೆಚ್ಚಿಸುವ ಇಂಜೆಕ್ಷನ್ನು ಕೊಟ್ಟರಂತೆ. ಗಂಜಿ ಕುಡಿದರಂತೆ. ಸಿಸ್ಟರಿಗೆ ಗಂಜಿಗೆ ಉಪ್ಪಿಲ್ಲ ಎಂದು ಬೈದರಂತೆ. ಅದನ್ನು ಕೇಳಿದ ಮೇಲೆ ಭಾನುವಿಗೆ ಹಸಿವಾಯಿತು.

ಬುಧವಾರ, ಮಾತ್ರೆ ನುಂಗುವುದಕ್ಕೆ ಮುಂಚೆ, ಅವಳು ರಕ್ತ ಕೊಟ್ಟು ಬಂದಳು. ರಾಮಾಂಜಿನಪ್ಪನವರು ಬೆಳಗ್ಗೆಯಿಂದ ಹುಳು ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ರಿಪೋರ್ಟು ಬಂದಾಗ ಅಭ್ಯಾಸಬಲದಿಂದ ಭಾಗಿಸಿದಳು. ಮೂರಕ್ಕೆ ಸ್ವಲ್ಪ ಕಡಿಮೆ. ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ಎಲ್ಲಾ ಸಾಲನ್ನೂ ಮೇಲಿನಿಂದ ಕೆಳಗಿನವರೆಗೆ ಓದಿ, ಸಿಸ್ಟರಿಗೆ ಕಳಿಸಿದಳು.

ಗುರುವಾರ ಅವಳ ಸರದಿ ಮುಗಿದ ಮೇಲೆ ರಾಮಲಕ್ಷ್ಮಮ್ಮನ ರೂಮಿನ ಬಾಗಿಲಲ್ಲಿ ಮಾಸ್ಕ್ ಕಟ್ಟಿಕೊಂಡು ನಿಂತಳು. ಅವತ್ತೇ ಡಿಸ್ಚಾರ್ಜ್. ಮುನೇಶ ಬಿಲ್ ಕೌಂಟರಿನಲ್ಲಿದ್ದ. ರಾಮಲಕ್ಷ್ಮಮ್ಮ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಅರ್ಧ ಆಗಿದ್ದರು, ಆದರೆ ಬಾಯಿ ಪೂರ್ತಿ ಇತ್ತು.

"ಬಾಮ್ಮ ಬಾ! ಆ ಇಂಜೆಕ್ಷನ್ ಕೊಟ್ಮೇಲೆ ನಂದೂ ಏರಿಬಿಡ್ತಂತೆ ಕಣೇ. ನೀನು ಹಾಕ್ತಿದ್ಯಲ್ಲ, ಆ ಲೆಕ್ಕ ಸಿಸ್ಟರಮ್ಮನ ಕೈಲಿ ಹಾಕಿಸ್ದೆ. ಎಂಟು! ನಿನ್ನದೆಷ್ಟು?"

"ಮೂರು," ಎಂದಳು ಭಾನು.

"ಥೂ, ಈ ಸಲ ನೀನೇ ಗೆದ್ದೆ." ಅವರು ನಕ್ಕು, ಕೆಮ್ಮಿ, ಸುಧಾರಿಸಿಕೊಂಡರು. "ನೀನು ಡಾಕ್ಟರಮ್ಮಂಗೆ ತೋರಿಸದೆ ಇದ್ದಿದ್ರೆ ನಾನು ಮಲಗಿದ್ದೋಳು ಏಳ್ತಿರಲಿಲ್ಲ. ಮುನೇಶ ದಿನಾ ಹೇಳ್ತಾನೆ, ಭಾನಕ್ಕನ ಋಣ ಅಂತ."

ಈ ಮಾತನ್ನು ಹಾಗೇ ಇಟ್ಟುಕೊಂಡು ಮನೆಗೆ ಹೋಗಬಹುದಿತ್ತು. ಆದರೆ ಭಾನು ಬಾಗಿಲು ದಾಟಿ ಮಂಚದ ಹತ್ತಿರ ಬಂದಳು. "ನಾನು ನಿಮಗೋಸ್ಕರ ತೋರಿಸ್ಲಿಲ್ಲಮ್ಮ. ಚಾಡಿ ಹೇಳಕ್ಕೆ ತೋರಿಸ್ದೆ. ನಿಮ್ಮದು ಅಷ್ಟು ಕಡಿಮೆ, ನಂದು ಯಾಕೆ ಹಿಂಗೆ ಅಂತ ಜಗಳ ಆಡಕ್ಕೆ. ಬುಧವಾರ ಸಿಸ್ಟರಿಗೆ ಕಳಿಸ್ಲೇ ಇಲ್ಲ. ನೀವು ಜ್ವರ ಅಂದ್ರೂ..."

ರಾಮಲಕ್ಷ್ಮಮ್ಮ ಇಳಿಬಿಟ್ಟ ಕಾಲನ್ನು ಮಂಚದ ಮೇಲೆ ಎಳೆದುಕೊಂಡರು. ಮುಖದ ನಗು ಹೋಗಿತ್ತು. ಹೊರಗೆ ಯಾರದೋ ಮಗು ಅಳುತ್ತಿತ್ತು.

"ಕಳಿಸಬೇಕಾಗಿತ್ತು ಕಣಮ್ಮ," ಎಂದರು. "ನಾನು ನಿನ್ನ ನಂಬಿ ಮಲಗಿದ್ದೆ."

"ಹೂಂ."

"ಹೊಟ್ಟೆಕಿಚ್ಚೇನೇ?"

"ಹೂಂ."

"ನನ್ನ ಮೇಲೆ?" ಎಂದು ತಮ್ಮ ಬೋಳು ತಲೆ, ಒಣಗಿದ ಕೈ, ಸಡಿಲವಾದ ಬಳೆ ಎಲ್ಲವನ್ನೂ ಒಮ್ಮೆ ನೋಡಿಕೊಂಡರು. ಹಾಗೆ ನೋಡಿಕೊಳ್ಳುತ್ತಲೇ ತುಟಿಯ ಕೊನೆ ಅಲುಗಿತು. "ಇಷ್ಟು ವರ್ಷಕ್ಕೆ ಯಾರೋ ಒಬ್ಬಳು ನನ್ನ ನೋಡಿ ಹೊಟ್ಟೆ ಉರ್ಕೊಂಡ್ಳು ಅಂತಾಯ್ತು. ನಾನೂ ಒಂದು ಹೇಳ್ಲಾ? ಪ್ರತಿ ಸಲ ನಿನ್ನ ಗಂಡ ಬಗ್ಗಿ ನಿನ್ನ ಚಪ್ಪಲಿ ತಿರುಗಿಸಿ ಇಡ್ತಾನಲ್ಲ, ಅದನ್ನ ನೋಡಿದ್ರೆ ನಂಗೆ ಊರಿಗೆ ಹೋಗೋವರ್ಗೂ ಸಂಕಟ. ನಮ್ಮೋನು ಮುನಿಗಂಗಪ್ಪ, ಇದ್ದಷ್ಟು ದಿನ ನನ್ನ ಚಪ್ಪಲಿ ಒದ್ದುಕೊಂಡೇ ಒಳಗೆ ಬಂದ. ನೀನು ನೋಡಿದ್ರೆ ಅವನ ಕಡೆ ಕಣ್ಣೂ ಹಾಕಲ್ಲ, ಮಹಾರಾಣಿ ಥರ ಕಾಲು ತೂರಿಸಿ ಹೋಗ್ತೀಯ. ಎತ್ತಿ ಒಂದು ಬಿಡಣ ಅನ್ಸುತ್ತೆ."

ಭಾನು ತನ್ನ ಪಾದದ ಕಡೆ ನೋಡಿಕೊಂಡಳು. ಅವರೇ ಕೈ ಚಾಚಿದರು. "ಎಬ್ಬಿಸು. ಆ ಟವೆಲ್ ಸರಿಯಾಗಿ ಕಟ್ಟು. ಇನ್ಮೇಲೆ ನನ್ನ ರಿಪೋರ್ಟು ಮೊದಲು ಸಿಸ್ಟರಮ್ಮಂಗೆ, ಆಮೇಲೆ ನಿಂಗೆ. ಗೊತ್ತಾಯ್ತಾ?"

"ಗೊತ್ತಾಯ್ತಮ್ಮ."

ಭಾನು ಎಡಗೈಯನ್ನು ನೋವಾಗುವಷ್ಟು ಮೇಲೆತ್ತಿ ಟವೆಲನ್ನು ಎರಡು ಸುತ್ತು ಕಟ್ಟಿದಳು. ಆ ಗಂಟು ಪಿ.ಟಿ. ಪೀರಿಯಡ್ಡಿನವರೆಗೂ ನಿಲ್ಲುವಂಥದ್ದಲ್ಲ. ಆದರೂ ಕೈ ಇಷ್ಟು ಮೇಲೆ ಬಂದದ್ದು ಇದೇ ಮೊದಲು ಎಂದು ಅವಳು ಗಮನಿಸಿದಳು.

ಇಬ್ಬರೂ ತೋಳು ಹಿಡಿದುಕೊಂಡು ನಿಧಾನವಾಗಿ ಬಾಗಿಲಿಗೆ ಬಂದರು. ರಮೇಶ್‌ಬಾಬು ಎಂದಿನಂತೆ ಎಳನೀರು ಹಿಡಿದು ನಿಂತಿದ್ದ. ಭಾನುವಿನ ಚಪ್ಪಲಿ ತಿರುಗಿಸಿ ಇಟ್ಟ. ಭಾನು ಈ ಸಲ ಅವನ ಮುಖ ನೋಡಿ, "ಥ್ಯಾಂಕ್ಸ್ ರೀ," ಎಂದಳು. ಅವನು ಗಾಬರಿಯಿಂದ, "ಯಾಕೆ, ಏನಾಯ್ತು, ಡಾಕ್ಟ್ರು ಏನಾದ್ರೂ ಅಂದ್ರಾ?" ಎಂದ.

"ಏನಿಲ್ಲ. ಅಮ್ಮಂದೂ ಇಡಿ."

ರಮೇಶ್‌ಬಾಬು ರಾಮಲಕ್ಷ್ಮಮ್ಮನ ಹವಾಯಿ ಚಪ್ಪಲಿ ಹುಡುಕಿ ತಂದು, ಮಂಡಿಯೂರಿ, ಧೂಳು ಒರೆಸಿ, ಕಾಲಿಗೆ ಸರಿಯಾಗಿ ಇಟ್ಟ. ಪಟ್ಟಿ ಬೆರಳಿಗೆ ಸೇರಲಿಲ್ಲವೆಂದು ಮತ್ತೆ ಬಿಡಿಸಿ, ಪಾದ ಎತ್ತಿ ಕೂರಿಸಿದ. "ಬಿಗಿಯಾಯ್ತೇನಮ್ಮ?" ಎಂದ. ರಾಮಲಕ್ಷ್ಮಮ್ಮ ಭಾನುವಿನ ಕಡೆ ಓರೆಗಣ್ಣಿನಲ್ಲಿ ನೋಡುತ್ತ, "ಇಲ್ಲಪ್ಪ, ಸರಿಯಾಗೈತೆ," ಎಂದರು, ರಾಗ ಎಳೆದು.

ನನಗೆ ಯಾವತ್ತೂ ಧೂಳು ಒರೆಸಿಲ್ಲ, ಎಂದುಕೊಂಡಳು ಭಾನುಪ್ರಿಯಾ.